ಎಂಟು ನಿಮಿಷದ ಚಿತ್ರ, ಹನ್ನೊಂದು ಕಪ್ ಚಹಾ

ಗಲ್ಫಿನಲ್ಲಿ, ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ನನ್ನ ಜೊತೆ ರೂಮು ಹಂಚಿಕೊಂಡಿದ್ದವಳು ಮೆಕ್ಸಿಕೋದ ಹುಡುಗಿ. ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಅವಳ ಕೆಲಸ. ಮಿಕ್ಕ ಹೊತ್ತೆಲ್ಲ ಸಿನಿಮಾ. ನನ್ನ ಡೈರಿಯಲ್ಲಿರುವಂತೆ ಮೊದಲ ವಾರ ನಮ್ಮ ನಡುವೆ ನಡೆದದ್ದು ಆರೇ ಮಾತುಕತೆ: ನಾಲ್ಕು ಬಾತ್‌ರೂಮಿನ ಬಗ್ಗೆ, ಎರಡು ಎಸಿಯ ಬಗ್ಗೆ. ಏಳನೆಯದರಲ್ಲಿ ಅವಳು, "ದಿನಾ ಅದರಲ್ಲಿ ಏನು ಬರೀತೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಂದಿನ ಪುಟ ತೋರಿಸಿದೆ. ಜೆಬೆಲ್ ಅಲಿಗೆ ಹೋಗುವ ನಮ್ಮ ಕಂಪನಿ ಬಸ್ಸು ಬಂದದ್ದು ೬.೫೨ಕ್ಕೆ. ಪ್ರಯಾಣಿಕರು ಮೂವತ್ತೊಂದು, ಅದರಲ್ಲಿ ನಿದ್ದೆ ಮಾಡುತ್ತಿದ್ದವರು ಹತ್ತೊಂಬತ್ತು. ಇದನ್ನು ನೋಡಿ ನಗದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ನಗಲಿಲ್ಲ. "ನಿನ್ನಂಥವಳನ್ನೇ ಹುಡುಕುತ್ತಿದ್ದೆ" ಎಂದಳು.

ಸಿನಿಮಾವನ್ನು ತುಂಡು ತುಂಡಾಗಿ ಚಿತ್ರಿಸುತ್ತಾರಂತೆ. ಹಿಂದಿನ ತುಂಡಿನಲ್ಲಿ ಕಪ್ಪು ಯಾವ ಕೈಯಲ್ಲಿತ್ತು, ಬಾಗಿಲು ಎಷ್ಟು ತೆರೆದಿತ್ತು ಎಂದು ಒಬ್ಬರು ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಯಾವುದೂ ಹೊಂದುವುದಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಅವಳು ಕಲಿತ ರೀತಿಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ನಾನು ಹಾಗೆಯೇ ಬರೆದುಕೊಂಡೆ. ಅಪ್ಪ ಸಣ್ಣ ಊರೊಂದರಲ್ಲಿ ಮದುವೆಗಳ ವಿಡಿಯೋ ತೆಗೆಯುವವರು. ಐದು ಗಂಟೆಯ ಮದುವೆಯನ್ನು ಒಂದು ಗಂಟೆಗೆ ಇಳಿಸುವಾಗ ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಕೂತು, ಅಳುವವರು ಎಲ್ಲೆಲ್ಲಿದ್ದಾರೆ ಎಂದು ಹುಡುಕಿಕೊಡಬೇಕಿತ್ತು. ಆಮೇಲೆ ಊರಿನ ಗ್ರಂಥಾಲಯದ ಮಾಳಿಗೆಯಲ್ಲಿ ಭಾನುವಾರದ ತರಗತಿ. ಹದಿನಾಲ್ಕು ಮಕ್ಕಳಿಗೆ ಒಂದೇ ಕ್ಯಾಮೆರಾ. ವಾರಕ್ಕೊಮ್ಮೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷ. "ಹಾಗಾಗಿ ಆರು ದಿನ ತಲೆಯೊಳಗೇ ಶೂಟಿಂಗ್" ಎನ್ನುತ್ತಿದ್ದಳು. ರಸ್ತೆ ದಾಟುವಾಗಲೂ ಅದೇ ನಡೆಯುತ್ತಿತ್ತೋ ಏನೋ. ಅವಳ ತೋಳು ಹಿಡಿದು ಎಳೆದದ್ದು ನನ್ನ ಲೆಕ್ಕದಲ್ಲಿ ಒಂಬತ್ತು ಸಲ.

ಅಬುಧಾಬಿಯಲ್ಲಿ ಒಂದು ವರ್ಷದ ಚಿತ್ರ ತರಬೇತಿಗೆ ಅವಳು ಅರ್ಜಿ ಹಾಕುವವಳಿದ್ದಳು. ಎಂಟು ನಿಮಿಷದ ಚಿತ್ರವೊಂದನ್ನು ಭಾನುವಾರ ಸಂಜೆ ಆರರೊಳಗೆ ಕಳಿಸಬೇಕು. ಹೋಟೆಲಿನ ಕಾಂಟ್ರ್ಯಾಕ್ಟ್ ಆ ತಿಂಗಳಿಗೆ ಖಲಾಸ್. ಸೀಟು ಸಿಕ್ಕರೆ ವಿದ್ಯಾರ್ಥಿ ವೀಸಾ, ಇಲ್ಲವಾದರೆ ಅಪ್ಪನ ಮದುವೆ ವಿಡಿಯೋಗಳಿಗೆ ವಾಪಸು.

ಕಥೆ ಸರಳವಾಗಿತ್ತು. ಊರಿಗೆ ಹೊರಟುನಿಂತ ಹುಡುಗಿ ಪಕ್ಕದ ಮನೆಯಾಕೆಗೆ ವಿದಾಯ ಹೇಳಲು ಬರುತ್ತಾಳೆ. ಕಪ್ಪಿನಲ್ಲಿ ಚಹಾ ಇಳಿಯುತ್ತ ಹೋಗುತ್ತದೆ, ಅದು ಖಾಲಿಯಾದಾಗ ವಿಷಯ ಬಾಯಿಗೆ ಬರುತ್ತದೆ. ಪಕ್ಕದ ಮನೆಯಾಕೆಯಾಗಿ ಅಲ್ ನಹ್ದಾ ಬಡಾವಣೆಯಲ್ಲಿದ್ದ ನನ್ನ ದೊಡ್ಡಮ್ಮ. ಹುಡುಗಿಯ ಕೈ ಮತ್ತು ಬೆನ್ನು ಮಾತ್ರ ಕಾಣುವುದರಿಂದ ಅದು ನಾನೇ.

ಶನಿವಾರ ಮಧ್ಯಾಹ್ನ ದೊಡ್ಡಮ್ಮನ ಹಾಲ್‌ನಲ್ಲಿ ಶೂಟಿಂಗ್ ಶುರುವಾಯಿತು. ಮರುದಿನ ಬೆಳಿಗ್ಗೆ ಅವರಿಗೆ ಮಂಗಳೂರಿನ ವಿಮಾನ; ಸೂಟ್‌ಕೇಸನ್ನು ಸೋಫಾದ ಹಿಂದೆ ಅಡಗಿಸಿದ್ದೆವು.

"ಎಂಥ ಮಾರಾಯ್ತಿ, ನಿನ್ನ ಈ ಫ್ರೆಂಡ್ ಊಟ ಮಾಡುದಿಲ್ವಾ? ಕೈ ನೋಡು, ಕಡ್ಡಿ ಹಾಗೆ ಉಂಟು."

"ದೊಡ್ಡಮ್ಮ, ಈಗ ಕ್ಯಾಮೆರಾ ಆನ್ ಉಂಟು."

"ಇರ್ಲಿ. ಅದಕ್ಕೆ ನನ್ನ ಕನ್ನಡ ಅರ್ಥ ಆಗ್ತದಾ?"

ಹುರುಪು ಬಂದರೆ ಗೆಳತಿಗೆ ಇಂಗ್ಲಿಷ್ ಮರೆತುಹೋಗುತ್ತದೆ. ದೃಶ್ಯ ನಿಲ್ಲಿಸುವಾಗೆಲ್ಲ ಅವಳು ಕೂಗುತ್ತಿದ್ದದ್ದು ತನ್ನ ಭಾಷೆಯಲ್ಲಿ, "ಕೋರ್ತೆ!" ಎಂದು. ಕಟ್ ಎಂದರ್ಥ. ನಾನು ಕ್ಯಾಮೆರಾದ ಪಕ್ಕಕ್ಕೆ ಓಡಿಹೋಗಿ ಪುಸ್ತಕದಲ್ಲಿ ಬರೆಯುತ್ತಿದ್ದೆ: ಟೇಕ್ ೪, ಬಲಗೈ, ಕೊನೆಯಲ್ಲಿ ಚಹಾ ಅರ್ಧ. ತಿರುಗಿ ಬಂದು ಕೂರುವಷ್ಟರಲ್ಲಿ ಕಪ್ಪು ತುಂಬಿರುತ್ತಿತ್ತು. ನಿರ್ದೇಶಕಿಯೇ ತುಂಬಿಸಲು ಹೇಳಿರಬೇಕೆಂದುಕೊಂಡು ಮತ್ತೆ ಕುಡಿದೆ. ಅವಳ ಕಣ್ಣು ದೊಡ್ಡಮ್ಮನ ಮುಖದ ಮೇಲೆಯೇ ಇತ್ತು. ಹೀಗೆ ಹನ್ನೊಂದು ಟೇಕ್, ಹನ್ನೊಂದು ಕಪ್.

ಭಾನುವಾರ ಬೆಳಿಗ್ಗೆ ರೂಮಿನಲ್ಲಿ ಎಲ್ಲವನ್ನೂ ಜೋಡಿಸಿ ನೋಡಿದೆವು. ಚಹಾ ಅರ್ಧಕ್ಕೆ ಇಳಿಯುತ್ತದೆ, ಮುಂದಿನ ತುಂಡಿನಲ್ಲಿ ತುಂಬಿರುತ್ತದೆ. ಕಾಲು ಭಾಗಕ್ಕೆ ಇಳಿಯುತ್ತದೆ, ಮತ್ತೆ ತುಂಬಿರುತ್ತದೆ. ಖಾಲಿ ಕಪ್ಪಿನ ಎದುರು ಹೇಳಬೇಕಾದ ಮಾತನ್ನು ನಾನು ಅಂಚಿನವರೆಗೆ ತುಂಬಿದ ಕಪ್ಪಿನ ಎದುರು ಹೇಳುತ್ತಿದ್ದೆ.

ಪುಸ್ತಕ ತೆಗೆದೆ. ಕೊನೆಯಲ್ಲಿ ಎಷ್ಟು ಎಂಬ ಕಾಲಂ ಇತ್ತು. ಆರಂಭದಲ್ಲಿ ಎಷ್ಟು ಎಂಬ ಕಾಲಂ ಹಾಕಿಯೇ ಇರಲಿಲ್ಲ. ತಪ್ಪು ನನ್ನದು ಎಂದು ಹೇಳಿದೆ. ಗಂಟೆ ಏಳೂಮುಕ್ಕಾಲು. ವಿಮಾನ ನಿಲ್ದಾಣದಲ್ಲಿದ್ದ ದೊಡ್ಡಮ್ಮನಿಗೆ ಫೋನ್ ಹಚ್ಚಿದೆ.

"ದೊಡ್ಡಮ್ಮ, ನೀವು ಚಹಾ ಯಾಕೆ ಹಾಕ್ತಾ ಇದ್ದದ್ದು?"

"ಯಾಕೆ ಅಂದ್ರೆ? ಆ ಹುಡುಗಿಯೇ ಬೊಬ್ಬೆ ಹೊಡೀತಾ ಇದ್ಳಲ್ಲ, ಕೊರತೆ ಕೊರತೆ ಅಂತ! ನೀನು ಅವಳಿಗೆ ಒಳ್ಳೆ ಕನ್ನಡ ಕಲಿಸಿದ್ದಿ ಅಂತ ನನಗೆ ಖುಷಿ ಆಯ್ತು. ಹನ್ನೊಂದು ಸಲ ಕೊರತೆ ಅಂದ್ರೆ ನಾನು ಸುಮ್ನೆ ಕೂತ್ಕೊಳ್ಳುದಾ? ಮರ್ಯಾದೆ ಬೇಡ್ವಾ?"

ನಗು ತಡೆಯಲಾಗದೆ ಫೋನ್ ಇಟ್ಟೆ. ಆ ಪದಕ್ಕೆ ನಮ್ಮಲ್ಲಿ ಏನೋ ಕಡಿಮೆಯಾಗಿದೆ ಎಂಬರ್ಥ, ಹಾಗಾಗಿಯೇ ದೊಡ್ಡಮ್ಮ ಸುರಿಯುತ್ತ ಹೋದದ್ದು ಎಂದು ಗೆಳತಿಗೆ ಬಿಡಿಸಿ ಹೇಳಿದೆ. ಮೊದಲು ನಕ್ಕಳು. ನಗು ಮುಗಿದ ಮೇಲೆ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

"ಮದುವೆಯಲ್ಲಿ ರೀಟೇಕ್ ಇಲ್ಲ" ಎಂದಳು. "ಮದುಮಗ ಉಂಗುರ ಬೀಳಿಸಿದರೆ ಅಪ್ಪ ಅದನ್ನು ಕತ್ತರಿಸುತ್ತಿರಲಿಲ್ಲ. ಅಲ್ಲಿಂದಲೇ ವಿಡಿಯೋ ಶುರು ಮಾಡುತ್ತಿದ್ದರು. ಚಹಾ ಸುರಿದದ್ದು ಎಲ್ಲಾದರೂ ಸಿಕ್ಕಿದೆಯಾ?"

ಸಿಕ್ಕಿತ್ತು. ಕೋರ್ತೆ ಎಂದು ಕೂಗಿದ ಮೇಲೂ ಕ್ಯಾಮೆರಾ ಎರಡು ಮೂರು ಸೆಕೆಂಡು ಓಡುತ್ತಿತ್ತಲ್ಲ, ಅಲ್ಲೆಲ್ಲ ದೊಡ್ಡಮ್ಮ ಗಡಿಬಿಡಿಯಿಂದ ಕೆಟಲ್ ಎತ್ತುತ್ತಿದ್ದರು. ಅಂಥ ಏಳು ತುಣುಕುಗಳನ್ನು ನಾನು ಹುಡುಕಿಕೊಟ್ಟೆ, ಅವಳು ಹೊಲಿದಳು. ಹೊಸ ಚಿತ್ರದಲ್ಲಿ ಹುಡುಗಿ ವಿದಾಯ ಹೇಳಲು ಬಾಯಿ ತೆರೆದಾಗಲೆಲ್ಲ ಪಕ್ಕದ ಮನೆಯಾಕೆ ಕಪ್ಪು ತುಂಬಿಸುತ್ತಾಳೆ. ಆಕೆಗೆ ಗೊತ್ತಾಗಿದೆಯೋ ಇಲ್ಲವೋ ಹೇಳಲಾಗದು. ಹುಡುಗಿ ಹೇಳದೆಯೇ ಎದ್ದು ಹೋಗುತ್ತಾಳೆ. ಐದು ಗಂಟೆ ಇಪ್ಪತ್ತಾರಕ್ಕೆ ಕಳಿಸಿದೆವು.

ಹದಿನೇಳು ದಿನಗಳ ನಂತರ, ಬುಧವಾರ ಸಂಜೆ ಜೆಬೆಲ್ ಅಲಿಯಿಂದ ಬರುವ ಬಸ್ಸಿನಲ್ಲಿದ್ದಾಗ ಅವಳ ಧ್ವನಿ ಸಂದೇಶ ಬಂತು. ಮೂವತ್ತೆರಡು ಸೆಕೆಂಡು, ಪೂರ್ತಿ ಸ್ಪ್ಯಾನಿಷ್. ಒಂದು ಪದವೂ ತಿಳಿಯಲಿಲ್ಲ, ಮೂರು ಸಲ ಕೇಳಿದೆ. ಕೊನೆಗೆ ಅವಳು ಉಸಿರು ಎಳೆದುಕೊಂಡು "ಅಬುಧಾಬಿ" ಎಂದು ಕಿರುಚುವುದು ಮಾತ್ರ ಸ್ಪಷ್ಟವಾಗಿತ್ತು. ಆ ದಿನ ಎಷ್ಟು ಮಂದಿ ನಿದ್ದೆಯಲ್ಲಿದ್ದರೋ ನಾನು ಎಣಿಸಲಿಲ್ಲ.

ಬಸ್ಸಿನಿಂದಲೇ ಮಂಗಳೂರಿಗೆ ಫೋನ್ ಮಾಡಿದೆ.

"ದೊಡ್ಡಮ್ಮ, ಅವಳಿಗೆ ಸೀಟು ಸಿಕ್ಕಿತು. ಬರುವ ವಾರ ಹೋಗ್ತಾಳೆ."

"ಒಳ್ಳೇದಾಯ್ತು, ಒಳ್ಳೇದಾಯ್ತು! ನಾನು ಹೀರೋಯಿನ್ ಅಲ್ವಾ, ಸಿಗದೆ ಎಲ್ಲಿಗೆ ಹೋಗ್ತದೆ?" ಆಮೇಲೆ ಅವರ ದನಿ ಸ್ವಲ್ಪ ತಗ್ಗಿತು. "ಹಾಗಾದ್ರೆ ನಿನ್ನ ಜೊತೆ ಇನ್ನು ಯಾರಿರೋದು, ಮಗಾ?"

ಅದನ್ನು ನಾನು ಇನ್ನೂ ಯೋಚಿಸಿರಲಿಲ್ಲ. ನೋಡೋಣ, ದೊಡ್ಡಮ್ಮ, ಎಂದೆ.