ಅವ್ವ ಕರೆಯದ ಹೆಸರು

ಕಾಫಿ ಹೂವಿನ ಘಮ ಬಂತೆಂದರೆ ಎಲ್ಲರಿಗೂ ಖುಷಿ. ನಾನು ಮಾತ್ರ, ಏನು ಕರ್ಮವೋ, ಕಿಟಕಿ ಮುಚ್ಚಿಕೊಳ್ಳುತ್ತೇನೆ. ಆ ಹೂವಿನ ದೆಸೆಯಿಂದಲೇ ನಾನು ಪೂವಕ್ಕ. ಪೂ ಎಂದರೆ ಹೂವು. ಅಸಲಿಗೆ ಹೆಸರು ನನ್ನದಲ್ಲ, ಅಪ್ಪನ ತಾಯಿಯದು. ತೋಟವೆಲ್ಲ ಬೆಳ್ಳಗೆ ಅರಳಿದ್ದ ದಿನ ಹುಟ್ಟಿದಳೆಂದು ಅವಳಿಗೆ ಹಾಗೆ ಇಟ್ಟರಂತೆ. ಅವಳು ತೀರಿಹೋದ ವರ್ಷವೇ ನಾನು ಹುಟ್ಟಿದೆ. ಅಜ್ಜಿಯೇ ತಿರುಗಿ ಬಂದಳೆಂದು ಅಪ್ಪ ನನಗೂ ಅದನ್ನೇ ಇಟ್ಟರು.

ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ. ಹಾಗಾಗಿ ಅವ್ವ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. 'ಗೂಡೆ' ಅನ್ನುತ್ತಿದ್ದಳು, ಹುಡುಗಿ ಎಂದು. ಬೈಯುವಂತೆಯೂ ಇರಲಿಲ್ಲ, ಬೈದರೆ ಅಪ್ಪನ ಮುಖ ಊದಿಕೊಳ್ಳುತ್ತಿತ್ತು. ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಆ ವರ್ಷಗಳಲ್ಲಿ, ಈಗ ಬಿದ್ದುಹೋಗಿರುವ ಆ ಮನೆಯಲ್ಲಿ, ನನ್ನದೇ ದರ್ಬಾರು. ಮೀನುಸಾರಿನ ದೊಡ್ಡ ತುಂಡು, ಒಲೆಯ ಪಕ್ಕದ ಬೆಚ್ಚನೆಯ ಮಣೆ ಎಲ್ಲ ನನಗೇ ಬೇಕು. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಅಕ್ಕಿರೊಟ್ಟಿ ಸುಡುತ್ತಿದ್ದ ಅವ್ವ ನನ್ನನ್ನು ಒಂದು ಥರ ನೋಡುತ್ತಿದ್ದಳು. ಯಾಕೆಂದು ದೊಡ್ಡವಳಾದ ಮೇಲೆ ಪಕ್ಕದ ಮನೆಯ ಚಿಕ್ಕಮ್ಮ ಹೇಳಿದಳು. ಅವ್ವನ ತವರು ದೂರದ ತಿತಿಮತಿ. ಅಲ್ಲಿ ಅವಳ ತಾಯಿಗೆ ಜೋರು ಕಾಯಿಲೆಯೆಂದು ಸುದ್ದಿ ಬಂದಾಗ ಹೋಗಿಬರುತ್ತೇನೆಂದು ಕೇಳಿದಳಂತೆ. ನಾಟಿ ಮುಗಿಯಲಿ ಎಂದಳಂತೆ ಅಜ್ಜಿ. ಅಷ್ಟರೊಳಗೆ ಆ ತಾಯಿ ತೀರಿಕೊಂಡಿದ್ದಳು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಜ್ವರ ಹಿಡಿಯಿತು. ಡಾಕ್ಟರನ್ನು ಕರೆತರಲು ಅಪ್ಪ ನಾಪೋಕ್ಲಿಗೆ ಹೋಗಿದ್ದರು. ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾ ನಾನು ಕೂತಿದ್ದೆ. ಗಂಜಿ ತಂದ ಚಿಕ್ಕಮ್ಮ ಅಂಗಳದಿಂದಲೇ ಪೂವಕ್ಕಾ ಎಂದು ಕೂಗಿದಳು. ಅವ್ವ ಧಡಕ್ಕನೆ ಎದ್ದು ಕೂತಳು. ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

"ನನ್ನ ಅವ್ವಂಗೆ ಹುಷಾರಿಲ್ಲೆ ಗಡ. ತವರಿಗೆ ಹೋಗಿ ಒಂದ್ಸಲ ನೋಡ್ಕಂಡ್ ಬನ್ನೆ, ಅತ್ತೆ."

ನನಗೆ ಕೇಳಿಸಿದ್ದು ಇಷ್ಟೇ: ಅವ್ವ ಎಲ್ಲಿಗೋ ಹೊರಟಿದ್ದಾಳೆ, ನನ್ನನ್ನು ಬಿಟ್ಟು.

"ಬೇಡ," ಎಂದೆ.

ಆಗಲಿ ಎನ್ನುವಂತೆ ತಲೆಯಾಡಿಸಿ, ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪ ಡಾಕ್ಟರ ಜೊತೆ ಬರುವ ಹೊತ್ತಿಗೆ ಉಸಿರು ನಿಂತು ಮೈ ತಣ್ಣಗಾಗಿತ್ತು.

ಹೋಗಿ ಬಾ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಏನೂ ಅರಿಯದ ಮಗು ನೀನು, ನಿನ್ನದೇನು ತಪ್ಪು ಎನ್ನುತ್ತೀರಿ. ನಿಜವೇ ಇರಬಹುದು. ಆದರೂ ಪೂವಕ್ಕ ಎರಡು ಸಲವೂ ಅವ್ವನನ್ನು ತವರಿಗೆ ಬಿಡಲಿಲ್ಲ.