ಫುವಾತಿನೊಳ ಹೆಬ್ಬೆರಳು

ಫುವಾತಿನೊ ಹಟಮಾರಿ ಮುದುಕಿ, ತನ್ನ ತಪ್ಪನ್ನು ಎಂದೂ ಒಪ್ಪಿಕೊಂಡವಳಲ್ಲ. ನಮ್ಮ ಸವಾಯಿ ದ್ವೀಪದಲ್ಲಿ ಕಾಲು ಊದಿದವರು, ಸೊಂಟ ಹಿಡಿದವರು ಮೊದಲು ಅವಳ ಚಾಪೆಗೆ ಹೋಗುತ್ತಿದ್ದರು, ಆಮೇಲೆ ನನ್ನ ದವಾಖಾನೆಗೆ. ಕೊಬ್ಬರಿ ಎಣ್ಣೆ ಹಚ್ಚಿ ಅವಳು ಹೆಬ್ಬೆರಳಲ್ಲಿ ಒತ್ತಿದರೆ ಗಂಡಸರೂ ಕಿರುಚುತ್ತಿದ್ದರು. ಅದೇ ಅವಳ ಹೆಮ್ಮೆ.

ಮೂವತ್ತೊಂದು ವರ್ಷ ಇಲ್ಲಿ ನರ್ಸಾಗಿದ್ದ ನಾನು ಅವಳಿಗೆ ಹೇಳಿ ಹೇಳಿ ಸೋತೆ. ದಿನವಿಡೀ ನಿಂತು ದುಡಿಯುವವರ ಕಾಲಲ್ಲಿ ರಕ್ತ ಮೇಲೇರಲಾರದೆ ನಿಂತು, ನಾಳಗಳು ಉಬ್ಬಿ ಹಗ್ಗದಂತೆ ಸುರುಳಿಗಟ್ಟುತ್ತವೆ. ಬಹಳ ಜನಕ್ಕೆ ಅದು ನೋವು, ತುರಿಕೆ, ಮಾಯದ ಹುಣ್ಣು, ಅಷ್ಟೇ. ಆದರೆ ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು.

"ನಿಮ್ ಪುಸ್ತಕಕ್ಕೆ ಕೈ ಇದೆಯಾ, ನರ್ಸಮ್ಮ?" ಎಂದು ನಗುತ್ತಿದ್ದಳು.

ನಮ್ಮೂರ ಸೆಫಿನಾಳ ಊದಿದ ಕಾಲನ್ನು ಅವಳು ಮೂರು ಸಂಜೆ ನೀವಿದಳು. ನಾಲ್ಕನೆಯ ಬೆಳಿಗ್ಗೆ ಸೆಫಿನಾ ಚರ್ಚಿನ ಮೆಟ್ಟಿಲ ಮೇಲೆ ಉಸಿರು ಸಿಗದೆ ಸತ್ತಳು. "ದೇವರು ಕರೆದ, ಹೋದ್ಲು" ಎಂದಳು ಫುವಾತಿನೊ. ಶವಸಂಸ್ಕಾರಕ್ಕೆ ಗೌರವದ ಕಾಣಿಕೆಯಾಗಿ ಒಯ್ಯುವ ನಯವಾದ ಹೆಣಿಗೆಯ ಚಾಪೆಗಳಲ್ಲಿ ಎಲ್ಲರಿಗಿಂತ ದೊಡ್ಡದನ್ನು ತಂದವಳೂ ಅವಳೇ. ನಾನು ಎರಡು ವರ್ಷ ಅವಳನ್ನು ಮಾತಾಡಿಸಲಿಲ್ಲ.

ಹೋದ ತಿಂಗಳು ಲೂಸಿಲಾ ಕುಂಟುತ್ತ ಅವಳ ಮನೆಗೆ ಹೋದದ್ದು ಕಂಡು ಹಿಂದೆಯೇ ಹೋದೆ. ಸಂತೆಯಲ್ಲಿ ಇಪ್ಪತ್ತು ವರ್ಷ ಬಾಣಲೆಯ ಮುಂದೆ ನಿಂತು ಪನಿಕೆಕೆ ಎಂಬ ಸಿಹಿ ಹಿಟ್ಟಿನುಂಡೆ ಕರಿದವಳು ಲೂಸಿಲಾ. ಎಡ ಮೀನಖಂಡ ಬಿಗಿದು ಹೊಳೆಯುತ್ತಿತ್ತು.

"ಆಸ್ಪತ್ರೆಗೆ ನಡಿ," ಎಂದೆ.

"ಅಲ್ಲಿ ಹೋಗ್ ಕೂತ್ರೆ ಕಲಸಿಟ್ಟ ಹಿಟ್ಟು ಯಾರ್ ಕರೀತಾರೆ? ಅಜ್ಜಿ ಒಂದ್ಸಲ ಒತ್ಲಿ, ಸರಿಹೋಗುತ್ತೆ."

ಸರದಿಗೆ ಕಾದಿದ್ದವಳೊಬ್ಬಳು, "ನರ್ಸಮ್ಮಂಗೂ ಸೊಂಟ ಹಿಡ್ದಿರ್ಬೇಕು, ಜಾಗ ಬಿಡ್ರೇ" ಎಂದಳು. ಎಲ್ಲರೂ ನಕ್ಕರು.

ಫುವಾತಿನೊ ಕೈಗೆ ಎಣ್ಣೆ ಸುರಿದುಕೊಂಡು ಮೀನಖಂಡದ ಮೇಲೆ ಅಂಗೈ ಇಟ್ಟಳು. ತಕ್ಷಣ ತೆಗೆದಳು.

"ಸೆಫಿನಾ ಕಾಲೂ ಹಿಂಗೇ ಸುಡ್ತಿತ್ತು," ಎಂದಳು.

ನಗು ನಿಂತಿತು. ಅವಳು ಎಣ್ಣೆಯನ್ನು ತನ್ನ ಬಟ್ಟೆಗೇ ಒರೆಸಿಕೊಂಡು, ಪಿಕಪ್ ಗಾಡಿ ತರಿಸಿ, ಹಿಂಭಾಗಕ್ಕೆ ತಾನೇ ಮೊದಲು ಹತ್ತಿ, ಲೂಸಿಲಾಳ ಕಾಲನ್ನು ಮಡಿಲಿಗೆ ತೆಗೆದುಕೊಂಡಳು.

ದಾರಿಯುದ್ದಕ್ಕೂ ಗುಂಡಿ. "ಒಸಿ ಒತ್ತಜ್ಜಿ, ತಡಿಯಕ್ಕಾಗಲ್ಲ," ಎಂದು ಲೂಸಿಲಾ ಗೋಗರೆಯುತ್ತಲೇ ಇದ್ದಳು.

ಫುವಾತಿನೊ ಎರಡೂ ಕೈಯಿಂದ ಹಿಮ್ಮಡಿಯನ್ನು ಎತ್ತಿ ಹಿಡಿದು ಕೂತಿದ್ದಳು. ಆಸ್ಪತ್ರೆಯ ಬಾಗಿಲ ತನಕ ಅವಳ ಹೆಬ್ಬೆರಳು ಅಲುಗಲಿಲ್ಲ.