ಒಂದು ದಿನವೂ ಬಿಡುವಿಲ್ಲದೆ

ಎಪ್ಪತ್ತರ ದಶಕದ ನಡುವೆ ಎಲ್ಲೋ, ನಾನು ಆರನೆಯ ತರಗತಿಯಲ್ಲಿದ್ದಾಗ, ಅಜ್ಜಂಪುರದ ನಮ್ಮ ಶಾಲೆಗೆ ಮಳೆಸೀಮೆಯ ಕಡೆಯಿಂದ ಒಬ್ಬ ಕನ್ನಡ ಮೇಷ್ಟ್ರು ಬಂದರು. ಅದುವರೆಗೆ ನಮಗೆ ಓದುವುದೆಂದರೆ ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಹಾಗೆಯೇ ಇಳಿಸುವುದು. ಇವರು ಬಂದವರೇ, "ಬರೆದದ್ದನ್ನ ಯಾರು ಬೇಕಾದ್ರೂ ಓದ್ತಾರೆ. ಬರೀದೆ ಬಿಟ್ಟಿದ್ದನ್ನ ಓದಿ ನೋಡೋಣ" ಎಂದರು. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು: 'ಅವನು ಕೊಡೆ ಮಡಚಿ ಒಳಗೆ ಬಂದ.' ಹೊರಗೆ ಏನಾಗುತ್ತಿತ್ತು?

"ಬಿಸಿಲು, ಸಾ!" ಎಂದು ಇಡೀ ತರಗತಿ ಕೂಗಿತು.

ನಮ್ಮ ಕಡೆ ಕೊಡೆ ಬಿಚ್ಚುತ್ತಿದ್ದದ್ದೇ ಬಿಸಿಲಿಗೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಎಲ್ಲಿಗೆ ಬಂದು ಸೇರ್ಕೊಂಡೆ ನಾನು" ಎಂದು ನಕ್ಕರು.

ಉತ್ತರ ತಪ್ಪಾದರೂ ಆ ಆಟ ನನಗೆ ಹಿಡಿಸಿಬಿಟ್ಟಿತು. ಕಂಡದ್ದಕ್ಕೆಲ್ಲ ಅರ್ಥ ಹಚ್ಚತೊಡಗಿದೆ. ಪಾತ್ರೆ ಸದ್ದಾದರೆ ಅಮ್ಮನಿಗೆ ಕೋಪ, ಅಪ್ಪ ಎರಡು ಸಲ ಕೆಮ್ಮಿದರೆ ಯಾರೋ ಬೇಡದವರು ಬರುತ್ತಿದ್ದಾರೆ. ಕೆಲವು ಸರಿಯಾಗುತ್ತಿದ್ದವು. ತಪ್ಪಾದವು ಎಷ್ಟೆಂದು ಈಗ ನೆನಪಿಲ್ಲ. ಅವನ್ನು ಮರೆಯುವುದು ನನಗೆ ಅನುಕೂಲವೂ ಆಗಿತ್ತು.

ಪಕ್ಕದ ಮನೆಯ ದಂಪತಿಯನ್ನು ನಾನು ದೊಡ್ಡಪ್ಪ, ದೊಡ್ಡಮ್ಮ ಎನ್ನುತ್ತಿದ್ದೆ. ಇಬ್ಬರಿಗೂ ಓದು ಬಾರದು. ಅವರ ಒಬ್ಬಳೇ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಏಳನೆಯ ತರಗತಿಯವರೆಗೆ ಓದಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳನ್ನು ಕಡೂರಿನಾಚೆ ದೇವನೂರಿಗೆ ಕೊಟ್ಟಿದ್ದರು. ಅವಳ ಕಾಗದ ಬಂದರೆ ಓದಿ ಹೇಳುವುದು ನನ್ನ ಕೆಲಸ.

ಅಂದು ಬೆಳಿಗ್ಗೆ ಕಾಗದ ಬಂದಾಗ ದೊಡ್ಡಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ಅವರಿಗೆ ಓದಿ ಹೇಳತೊಡಗಿದೆ. ಎಲ್ಲರೂ ಕ್ಷೇಮ, ಅತ್ತೆಗೆ ಮಂಡಿನೋವು, ತೆಂಗಿನಸಸಿ ಚಿಗುರಿದೆ. ಆಮೇಲೆ ಈ ಸಾಲು: 'ಎರಡು ತಿಂಗಳಿಂದ ಒಂದು ದಿನವೂ ಬಿಡುವಿಲ್ಲದೆ ಅಡುಗೆಮನೆ ನನ್ನದೇ ಆಗಿದೆ.'

ನಾನು ಕಾಗದ ಇಳಿಸಿ, ಮೇಷ್ಟ್ರ ದನಿಯಲ್ಲಿ ಅರ್ಥ ಹೇಳಿದೆ: "ಪಾಪ, ಅಕ್ಕನ್ನ ಹಗಲೂ ರಾತ್ರಿ ದುಡಿಸ್ಕೊತಿದಾರೆ ದೊಡ್ಡಪ್ಪ. ಅಪ್ಪ ಬಂದು ಕರ್ಕೊಂಡ್ ಹೋಗ್ಲಿ ಅಂತಾನೇ ಹೀಗೆ ಬರ್ದಿದಾಳೆ."

"ಹಂಗಂತ ಬರ್ದವ್ಳಾ?"

"ಬರ್ದಿಲ್ಲ. ಆದ್ರೆ ಅರ್ಥ ಅದೇ."

ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. "ಆಳು ಬೇಕಾಗಿದ್ರೆ ಆಳು ಇಟ್ಕೊಬೇಕಾಗಿತ್ತು. ನನ್ ಮಗಳನ್ನ ಇವತ್ತೇ ಕರ್ಕೊಂಡ್ ಬತ್ತೀನಿ" ಎನ್ನುತ್ತ ಕಡೂರು ಬಸ್ಸಿಗೆ ನಡೆದೇಬಿಟ್ಟರು. ಅವರು ಬಾಯಿಗೆ ಬಂದಂತೆ ಆಡುವವರು ಎಂಬುದು ಬೀದಿಗೆಲ್ಲ ಗೊತ್ತು. ಬೀಗರ ಬಾಗಿಲಲ್ಲಿ ನಿಂತು ಅವರು ನಾಲ್ಕು ಮಾತು ಕೂಗಿದರೆ ಎರಡು ಮನೆಯ ನಡುವಿನ ಹೋಗುಬರುವಿಕೆ ಅಲ್ಲಿಗೆ ಮುಗಿದಂತೆಯೇ. ನನಗೆ ಮಾತ್ರ ಹೆಮ್ಮೆ.

ದೊಡ್ಡಮ್ಮ ಒದ್ದೆ ಕೈಯಲ್ಲೇ ಬಂದರು. "ಎಲ್ಲಿಗೆ ಹೋದ್ರು ಇವ್ರು?" ಹೇಳಿದೆ.

"ನಿನ್ ಅರ್ಥ ಯಾರಿಗ್ ಬೇಕು? ಬರ್ದಿರೋದನ್ನ ಓದೇ."

ಓದಿದೆ. ಆ ಸಾಲು ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಒಂದು ದಿನವೂ ಅಂತ ಬರ್ದವ್ಳಾ? ಸರ್ಯಾಗಿ ನೋಡು."

"ಹೂಂ. ಒಂದು ದಿನವೂ."

"ಎರಡು ತಿಂಗಳಿಂದ?"

"ಹೂಂ."

"ಮೂರು ದಿನಾನೂ ಇಲ್ವಾ?"

"ಮೂರು ಅಂತ ಎಲ್ಲೂ ಇಲ್ಲ ದೊಡ್ಡಮ್ಮ."

ದೊಡ್ಡಮ್ಮನ ಮುಖ ಅರಳಿಬಿಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ತಕ್ಷಣ ಗಾಬರಿಯಾದರು. "ಅಯ್ಯೋ, ಆ ಯಪ್ಪ ಜಗಳಕ್ಕೆ ಹೋಯ್ತಲ್ಲ! ಓಡೇ, ಬಸ್ ಹೊರಡೋಕ್ ಮುಂಚೆ ಹಿಡಿ. ಅಕ್ಕಂಗೆ ಎರಡು ತಿಂಗಳಿಂದ ಕಾಗೆ ಮುಟ್ಟಿಲ್ಲ ಅಂತ ಹೇಳು. ಕಿವೀಲಿ ಹೇಳು, ಕಿವೀಲಿ!"

ಕಾಗೆಯ ವಿಷಯ ನನಗೆ ಗೊತ್ತಿತ್ತು ಎಂದೇ ತಿಳಿದಿದ್ದೆ. ಅಮ್ಮ ತಿಂಗಳಿಗೆ ಮೂರು ದಿನ ಒಲೆ ಮುಟ್ಟದೆ ಹೊರಗೆ ಚಾಪೆ ಹಾಕಿ ಕೂರುತ್ತಿದ್ದಳು. ಯಾಕೆಂದರೆ "ಕಾಗೆ ಮುಟ್ಟಿದೆ" ಎನ್ನುತ್ತಿದ್ದಳು. ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳುತ್ತಿದ್ದದ್ದು ಅಷ್ಟೇ. ಬರೆಯದೆ ಬಿಟ್ಟದ್ದನ್ನೆಲ್ಲ ಓದುತ್ತೇನೆಂದು ಬೀಗುತ್ತಿದ್ದ ನಾನು, ತಿಂಗಳು ತಪ್ಪದೆ ಬಂದು ದೊಡ್ಡ ಹೆಂಗಸರನ್ನೇ ಆರಿಸಿ ಮುಟ್ಟಿ ಹೋಗುವ ಆ ಕಾಗೆಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ನಾನು ತಲುಪಿದಾಗ ಬಸ್ಸು ಹೊರಟಿತ್ತು. ಅಥವಾ ನಿಂತೇ ಇತ್ತು. ಮುಂದೆ ತರೀಕೆರೆಯಲ್ಲಿ ಕಾಲೇಜಿಗೆ ಸೇರಿ ದಿನಚರಿ ಬರೆಯಲು ಕಲಿತ ಮೇಲೆ ಈ ಪ್ರಸಂಗವನ್ನು ಎರಡು ಸಲ ಬರೆದಿಟ್ಟಿದ್ದೇನೆ. ಒಂದರಲ್ಲಿ ಬಸ್ಸು ಚಲಿಸುತ್ತಿದೆ, ಇನ್ನೊಂದರಲ್ಲಿ ಡ್ರೈವರು ಬೀಡಿ ಸೇದುತ್ತ ಕೆಳಗೆ ನಿಂತಿದ್ದಾನೆ. ಚಲಿಸುತ್ತಿತ್ತು ಎಂದರೆ ನಾನು ಕೂಗಿದ್ದಕ್ಕೆ ಒಂದು ನೆಪ ಸಿಗುತ್ತದೆ. ಅದಕ್ಕೇ ಆ ಬರಹವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೂಗಿದ್ದಂತೂ ನಿಜ.

"ದೊಡ್ಡಪ್ಪಾ! ಅಕ್ಕಂಗೆ ಎರಡು ತಿಂಗಳಿಂದ ಕಾಗೆ ಮುಟ್ಟಿಲ್ವಂತೆ!"

ದೊಡ್ಡಪ್ಪ ಕಿಟಕಿಯಿಂದ ತಲೆ ಹಾಕಿ, "ಯಾವ್ ಕಾಗೆನೇ?" ಎಂದರು. ಹಿಂದಿನ ಸೀಟಿನಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು.

"ಯಾವ್ ಕಾಗೆ ಅಂತೆ! ತಾತ ಆಗ್ತಿದೀಯ ಕಣೋ ಯಜಮಾನ. ಬರೀ ಕೈಲಿ ಹೊಂಟಿದೀಯಲ್ಲ, ನಾಚ್ಕೆ ಆಗಕಿಲ್ವಾ?"

ಬಸ್ಸಿಗೆ ಬಸ್ಸೇ ನಕ್ಕಿತು. ದೊಡ್ಡಪ್ಪನ ಕಿವಿ ಕೆಂಪಾಗಿತ್ತು. "ಇಳೀತೀರೋ, ಬತ್ತೀರೋ?" ಎಂದು ಕಂಡಕ್ಟರು ಗದರಿಸಿದ.

"ಬತ್ತೀನಿ ಕಣಪ್ಪಾ, ಒಂದ್ನಿಮಿಷ ನಿಲ್ಸು. ಹೊರಟಿದ್ದ ಕೆಲಸ ಬೇರೆ, ಈಗಿನ ಕೆಲಸ ಬೇರೆ" ಎಂದು ಇಳಿದು, ಎದುರಿನ ಅಂಗಡಿಯಲ್ಲಿ ಎರಡು ಚಿಪ್ಪು ಬಾಳೆಹಣ್ಣು, ಕಲ್ಲುಸಕ್ಕರೆ ಕಟ್ಟಿಸಿಕೊಂಡು ಮತ್ತೆ ಹತ್ತಿದರು. ಮಾರನೆಯ ದಿನ ಬೀಗರು ಕೊಟ್ಟ ಎಳನೀರಿನ ಗೊನೆಯೊಂದಿಗೆ ಬಂದಿಳಿದು, "ನಿಜ ಕಣೇ" ಎಂದು ದೊಡ್ಡಮ್ಮನಿಗೆ ಹೇಳಿದರಂತೆ. ನಾನು ಆಗ ಅಲ್ಲಿರಲಿಲ್ಲ. ಬಸ್ಸಿನ ಹತ್ತಿರ ಕೂಗಿದ್ದಕ್ಕೆ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೆ.

ಓದುವುದನ್ನು ನನಗೆ ಕಲಿಸಿದವರು ದೊಡ್ಡಮ್ಮ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಅಕ್ಷರ ಬಾರದ ಹೆಂಗಸು ಸರಿಯಾಗಿ ಓದಿದಳು, ಅಕ್ಷರ ಬಲ್ಲ ಹುಡುಗಿ ತಪ್ಪು ಓದಿದಳು. ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲ್ಲಿನ ಗೆಳತಿಯರು ಈ ಕತೆಗೆ ಹೊಟ್ಟೆ ಹಿಡಿದು ನಗುತ್ತಿದ್ದರು.

ಎಂಬತ್ತರ ದಶಕದ ಒಂದು ರಜೆಯಲ್ಲಿ ದೇವನೂರಿಗೆ ಹೋಗಿ, ಅಕ್ಕನ ಅಡುಗೆಮನೆಯ ಹೊಸಿಲ ಮೇಲೆ ಕೂತು, ಅವಳಿಗೇ ಈ ಕತೆ ಹೇಳಿದೆ. ಕಾಗೆಯ ಮಾತಿಗೆ ಅವಳು ಸೌಟು ಕೆಳಗಿಟ್ಟು ನಕ್ಕಳು. ನಕ್ಕು ಮುಗಿಸಿ, ಒಲೆಯ ಉರಿ ಸರಿಮಾಡುತ್ತ ಹೇಳಿದಳು:

"ಆ ಕಾಗದ ಬರೆಯೋವಾಗ ನಂಗೇ ಇನ್ನೂ ಸರಿಯಾಗಿ ಗೊತ್ತಿರ್ಲಿಲ್ಲ ಕಣೇ. ಅತ್ತೆಗೆ ಮಂಡಿ ಹಿಡ್ಕೊಂಡು ಎರಡೂ ಹೊತ್ತು ಹದಿನಾಲ್ಕು ಜನಕ್ಕೆ ನಾನೊಬ್ಳೇ ಬೇಯಿಸ್ಬೇಕಾಗಿತ್ತು. ಕೆಲಸ ಜಾಸ್ತಿ ಆಗಿದೆ ಅಂತಾನೇ ಬರ್ದಿದ್ದು ನಾನು. ಅಪ್ಪ ಬಂದು ಬಾಳೆಹಣ್ಣು ಕೊಟ್ಟು ಹೋಯ್ತು."

"ಅಂದ್ರೆ ನಾನು ಓದಿದ್ದು..."

"ನೀನೊಬ್ಳೇ ಓದಿದ್ದು" ಎಂದು ಅವಳು ಮತ್ತೆ ನಕ್ಕಳು.

ಅವಳ ಪಕ್ಕದಲ್ಲಿ ಒಂದು ಮೊರದ ತುಂಬ ಅವರೆಕಾಯಿ ಬಿದ್ದಿತ್ತು. ನಾನು ಒಳಗೆ ಬಂದು ಮಣೆ ಎಳೆದುಕೊಂಡು ಸುಲಿಯಲು ಕೂತೆ.